ಗೆರೆ ಕಾದವನು

ವಾಜಿದನ ಸೈಕಲ್ ಅಂಗಡಿ ಮುಂದೆ
ಒಂದು ಬೆಂಚು, ಹಳೇ ಟೈರು ಎರಡು, ನಾವು ನಾಲ್ಕು ಜನ.
ಬಾಣಲೆ ನೀರಿನಲ್ಲಿ ಟ್ಯೂಬು ಮುಳುಗಿಸಿ
ಗುಳ್ಳೆ ಹುಡುಕುವ ವಾಜಿದ ಐದನೆಯವನು.
ಗುತ್ತಲು ರಸ್ತೆಯಲ್ಲಿ ಕಬ್ಬಿನ ಗಾಡಿ ಬಂದರೆ
ಮಾತು ನಿಲ್ಲುತ್ತದೆ. ಹೋದ ಮೇಲೆ
ನಿಂತಲ್ಲಿಂದಲೇ ಹಿಡಿಯುತ್ತದೆ.

ಇರುವುದು ಒಂದೇ ಮಾತು, ಮೂವತ್ತು ವರ್ಷದಿಂದ:
ಇಡೀ ಮೈಸೂರು ಡಿವಿಷನ್ನಿನಲ್ಲಿ
ಬಾಲ್ ಬ್ಯಾಡ್ಮಿಂಟನ್ ಆಡಿದವರಲ್ಲಿ
ಸತ್ತವರನ್ನೂ ಸೇರಿಸಿ
ಐದೇ ಜನರನ್ನು ಕೋರ್ಟಿಗೆ ಇಳಿಸಿದರೆ
ಯಾರು ಯಾರು?

"ಮೂಡಬಿದ್ರೆ ಪದ್ಮರಾಜನ್ನ ಬುಡಂಗಿಲ್ಲ"
ಅನ್ನುತ್ತಾನೆ ಚಿಕ್ಕಮೊಗೇಗೌಡ.
ಬರಿಗಾಲು. ಚೆಂಡಿಗಿಂತ ಮೊದಲೇ
ಚೆಂಡು ಬೀಳುವ ಜಾಗಕ್ಕೆ ಹೋಗಿ
ಬಸ್ಸಿಗೆ ಕಾಯುವವನ ಹಾಗೆ ನಿಂತಿರುತ್ತಿದ್ದ.

ಆಮೇಲೆ ಎಡಗೈ ಫ್ರಾನ್ಸಿಸ್, ಕಡೂರು ಡಿಪೋದ ಕಂಡಕ್ಟರ್.
ಚಿಲ್ಲರೆ ಕೊಟ್ಟ ಹಾಗೆ ಕೊಡುತ್ತಿದ್ದ ಸರ್ವಿಸು;
ಎಣಿಸಿಕೊಳ್ಳುವುದರೊಳಗೆ ಸ್ಟಾಪು ದಾಟಿರುತ್ತಿತ್ತು.

ಹುಣಸೂರಿನ ಕಾಳನಿಂಗನ ಹೆಸರಿಗೆ ಜಗಳ.
ಒಮ್ಮೆ ಅವನ ಹೊಡೆತಕ್ಕೆ ಉಲ್ಲನ್ ಚೆಂಡು ಬಿಚ್ಚಿಕೊಂಡು
ಹಳದಿ ದಾರ ಎಳೆಯುತ್ತ ನೆಟ್ಟು ದಾಟಿತ್ತು.
ಆದರೆ ಗಾಳಿ ಎದ್ದರೆ ಅವನು
ಬಾವುಟ ನೋಡುತ್ತಿದ್ದ, ಚೆಂಡು ನೋಡುತ್ತಿರಲಿಲ್ಲ.
"ಗಾಳಿಗೆ ಹೆದ್ರೋನು ಆಟಗಾರನೇನ್ಲಾ?"
"ಫ್ಯಾಕ್ಟ್ರಿ ಹೊಗೆ ನುಂಗ್ಕಂಡು ನೀನು ಆಡಿದ್ದೀಯೇನ್ಲಾ?"
ಟೀ ಆರುತ್ತದೆ. ಕಾಳನಿಂಗ ಟೀಮಿನೊಳಗೆ ಬರುತ್ತಾನೆ,
ಹೊರಗೆ ಹೋಗುತ್ತಾನೆ, ಮತ್ತೆ ಬರುತ್ತಾನೆ,
ಸತ್ತು ಹನ್ನೊಂದು ವರ್ಷವಾದವನು.

ನಮ್ಮ ದುಂಡಯ್ಯನಿಗೆ ಮಾತ್ರ ಎದುರು ಮಾತಿಲ್ಲ.
ಸಕ್ಕರೆ ಫ್ಯಾಕ್ಟರಿಯ ವೇಬ್ರಿಡ್ಜಿನಲ್ಲಿ ಗುಮಾಸ್ತ.
ರಾತ್ರಿ ಪಾಳಿ ಮುಗಿಸಿ, ಕಾಕಂಬಿ ವಾಸನೆಯ ಅಂಗಿಯಲ್ಲೇ
ಬಂದು ನಿಲ್ಲುತ್ತಿದ್ದ ಹಿಂದಿನ ಸಾಲಿನಲ್ಲಿ.
ಎಪ್ಪತ್ತೊಂಬತ್ತರ ಫೈನಲ್ಲು, ಹಾಸನದ ಮೇಲೆ,
ಇಪ್ಪತ್ತೆಂಟು, ಇಪ್ಪತ್ತೇಳು.
ಇಲ್ಲಿಗೆ ಬಂದಾಗ ಎಲ್ಲರೂ ದನಿ ತಗ್ಗಿಸುತ್ತಾರೆ.
ಕೊನೇ ಹೊಡೆತ, ಬಲಗಡೆ ಮೂಲೆಗೆ.
"ಕೂದ್ಲೆಳೆ ಕಣ್ಲಾ. ಕೂದ್ಲೆಳೆಯಷ್ಟು ಒಳ್ಗೆ."

ಆ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದವನು ನಾನು.
ಇಪ್ಪತ್ತೆರಡು ವಯಸ್ಸು, ಕೈಯಲ್ಲಿ ಕೆಂಪು ಬಟ್ಟೆ ತುಂಡು.
ಆಡಲು ಬಾರದವನನ್ನು ಗೆರೆ ಕಾಯಲು ಕೂರಿಸುತ್ತಾರೆ.
ಬೆಳಿಗ್ಗೆ ಆ ಗೆರೆ ಎಳೆದವನೂ ನಾನೇ,
ತೂತು ಕೊರೆದ ಡಾಲ್ಡಾ ಡಬ್ಬಿಯಿಂದ ಸುಣ್ಣ ಉದುರಿಸುತ್ತ
ಹಿಂದೆ ಹಿಂದೆ ನಡೆದು.
ಗೆರೆ ಮುಟ್ಟಿದ ಚೆಂಡು ಸುಣ್ಣ ಹೊತ್ತು ಏಳುತ್ತದೆ.
ಅದು ಬರೀ ಮಣ್ಣು ಹೊತ್ತು ಎದ್ದಿತ್ತು.

ನಾನು ಬಟ್ಟೆ ಎತ್ತಲಿಲ್ಲ.
ಅಂಗೈ ನೆಲದ ಕಡೆ ಚಾಚಿದೆ: ಒಳಗೆ.
ಚೆಂಡು ಹೆಕ್ಕಿ, ಧೂಳು ಕೊಡವುವವನಂತೆ
ಹೆಬ್ಬೆರಳಿನಿಂದ ಒಮ್ಮೆ ಒರೆಸಿದೆ.
ಬೆರಳ ಸಂದಿಯಲ್ಲಿ
ಬೆಳಗಿನ ಸುಣ್ಣ ಇನ್ನೂ ಇತ್ತು.

ಅರಕಲಗೂಡಿನ ರಂಗಶೆಟ್ಟಿ ನೆಟ್ಟಿನ ಕೆಳಗೆ ನುಸುಳಿ ಬಂದು
ಚೆಂಡು ಕೇಳಿದ. ತಿರುಗಿಸಿ ನೋಡಿದ.
ನನ್ನ ಕೈ ನೋಡಿದ.
"ಸುಣ್ಣ ಅದೆ" ಅಂದ, ತನ್ನ ಕಡೆಯವರಿಗೆ,
ಹೋಗಿ ದುಂಡಯ್ಯನ ಕೈ ಕುಲುಕಿದ.
ಮುಂದಿನ ವರ್ಷ ಅವನು ಆಡಲು ಬರಲಿಲ್ಲ.
ಮದುವೆ ಆಗಿರಬಹುದು. ಮಂಡಿ ಹೋಗಿರಬಹುದು.
ಯಾರನ್ನೂ ಕೇಳಲಿಲ್ಲ ನಾನು.

ಐದನೆಯ ಜಾಗ ಇನ್ನೂ ಖಾಲಿ.
ಒಂದೊಂದು ಶನಿವಾರ ಒಂದೊಂದು ಹೆಸರು
ಬಂದು ಕೂತು, ಎದ್ದು ಹೋಗುತ್ತದೆ.
"ನೀನಾರೂ ಯೋಳಪ್ಪ, ಹತ್ರದಿಂದ ನೋಡ್ದೋನು."

"ರಂಗಶೆಟ್ಟಿ" ಅಂದೆ ಇವತ್ತು. ಬಾಯಿಗೆ ಬಂದೇ ಬಿಟ್ಟಿತು.

"ಯಾವನ್ಲಾ ಅವ್ನು?"
"ಹಾಸನದೋನಾ? ಸೋತೋನಾ?"
"ಆಡ್ದೋರಿಗೆ ಗೊತ್ತು ಬುಡು ಆಟದ ಬೆಲೆ"
ಎಂದು ನಕ್ಕ ಮೊಗೇಗೌಡ, ನನ್ನ ತೊಡೆ ತಟ್ಟಿ.
ವಾಜಿದ ಮಾತ್ರ ಟ್ಯೂಬು ಬಿಟ್ಟು
ನನ್ನನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ಕಬ್ಬಿನ ಗಾಡಿ ಬಂತು.
ಮಾತು ನಿಂತಿತು.
ಟೀ ದುಡ್ಡು ನಾನೇ ಕೊಟ್ಟೆ,
ಎಲ್ಲ ಶನಿವಾರದ ಹಾಗೆ.