ಬೆವರದ ಜಾಗ

"ಉರೀತಿದೆಯಾ ಅಕ್ಕ?" ಅಂದಳು ಸ್ಟೆಲ್ಲಾ ಸಿಸ್ಟರ್.
ಕೋಲಾರದ ಆಸ್ಪತ್ರೆ, ಮೂರನೇ ಸಲದ ಡ್ರಿಪ್ಪು,
ದಾಸವಾಳ ಕಿವುಚಿದಂಥ ಕೆಂಪು ನೀರು
ಹನಿ ಹನಿ ಇಳಿಯುತ್ತಿತ್ತು.

ಇಲ್ಲ ಅಂದೆ.

ಇಪ್ಪತ್ತಾರು ವರ್ಷ ಶಿಡ್ಲಘಟ್ಟದಲ್ಲಿ
ಕುದಿವ ಬೇಸಿನ್ನಿಗೆ ಬೆರಳಿಟ್ಟು
ಗೂಡಿನ ಎಳೆ ಹುಡುಕಿದವಳು ನಾನು.
ಉರಿ ಅಂದರೆ ಎಷ್ಟು, ಯಾವಾಗ ಕೂಗಬೇಕು
ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.
ಮದ್ದು ಅಂದಮೇಲೆ ಉರಿಯದೆ ಇರುತ್ತದೆಯೇ
ಅಂದುಕೊಂಡೆ. ಪಕ್ಕದ ಹಾಸಿಗೆಯ ಹುಡುಗ
ಕಡ್ಲೆಪುರಿ ಒಂದೊಂದೇ ತಿನ್ನುತ್ತಿದ್ದ.
ಅದನ್ನೇ ನೋಡುತ್ತ ಕೂತೆ.

ಕಡೆಗೆ ಅವಳೇ ಕಂಡಳು,
ಮುಂಗೈ ಪೂರಿಯಂತೆ ಊದಿ ನಿಂತಿತ್ತು.
ಸೂಜಿ ನರದಿಂದ ಜಾರಿತ್ತಂತೆ,
ಮದ್ದು ರಕ್ತಕ್ಕೆ ಸೇರದೆ ತೊಗಲಡಿ ಹರಡಿತ್ತಂತೆ.
ನಿಲ್ಲಿಸಿದಳು, ಆ ಸೂಜಿಯಿಂದಲೇ ಹಿಂದಕ್ಕೆ ಹೀರಿದಳು,
ಐಸು ಒತ್ತಿದಳು,
"ಒಂದು ಮಾತು ಹೇಳಬಾರದಾ" ಅಂತ ಬೈದಳು.
ಬೈಯುತ್ತ ಬೈಯುತ್ತ ಅವಳ ಕಣ್ಣೇ ತುಂಬಿತು.

ಆಮೇಲೆ ಗುಳ್ಳೆ. ಆಮೇಲೆ ಕಪ್ಪು.
ಬ್ಯಾಂಡೇಜಿಗೆಂದೇ ಮೂರು ತಿಂಗಳು ಚಿಂತಾಮಣಿ ಬಸ್ಸು.

ಅಕ್ಕಿಕಾಳಿನಷ್ಟು ಚರ್ಮ ತೆಗೆದು ನೋಡಿದ ಡಾಕ್ಟರು
ಚೀಟಿಯ ಹಿಂದೆ ಸುರುಳಿ ಗೀಚಿ ತೋರಿಸಿದರು:
ಇದು ಬೆವರಿನ ಗ್ರಂಥಿ, ಇದು ಅದರ ಕೊಳವೆ,
ಒಳಪದರ ಮೇಲ್ತೊಗಲಿನ ಹಾಗೆ ಗಡುಸಾಗಿದೆ,
ದಾರಿ ಕಟ್ಟಿದೆ.
ನನಗೆ ನಗು ಬಂತು.
ಸುರುಳಿಯಿಂದ ಎಳೆ ತೆಗೆಯೋದೇ ನನ್ನ ಕಸುಬು ಸ್ವಾಮಿ,
ಇದರ ತುದಿ ಎಲ್ಲಿದೆ?
ಡಾಕ್ಟರು ಪೆನ್ನು ಮುಚ್ಚಿದರು.

ಈಗ ಚೈತ್ರ. ತಗಡಿನ ಮಾಡು ಕಾದು
ಬೆಂದ ಹುಳುವಿನ ಕಮಟು ಹಬೆಯಲ್ಲಿ
ಎಲ್ಲರ ಮೈಯೂ ತೊಟ್ಟಿಕ್ಕುತ್ತದೆ.
ತಲೆಗೂದಲು ಬೆರಳಗಲ ಬಂದಿದೆ, ಅದರ ಬುಡವೂ ಒದ್ದೆ.
ಮುಂಗೈ ಮೇಲೆ ವೀಳ್ಯದೆಲೆಯಷ್ಟು ಜಾಗ ಮಾತ್ರ
ನುಣ್ಣಗೆ, ಒಣಗಿ,
ಬೇರೆ ಯಾರದೋ ಮನೆಯ ಜಗಲಿಯ ಹಾಗೆ.

ಚಿಟ್ಟೆ ಕೊರೆದ ಗೂಡು ರಾಟೆಗೆ ಬಾರದು,
ಅದನ್ನು ಬೇರೆ ಬುಟ್ಟಿಗೆ ಎಸೆಯುತ್ತೇವೆ.
ಹಾಗೆ ಎಸೆಯುವಾಗ ಈಚೆಗೆ
ಒಂದು ಕ್ಷಣ ಕೈ ನಿಲ್ಲುತ್ತದೆ. ಅಷ್ಟೇ.

ಪಕ್ಕದ ಬೇಸಿನ್ನಿನ ನಸೀಬ್‌ಜಾನ್
ಕೊಡದ ನೀರಲ್ಲಿ ಸೆರಗಿನ ತುದಿ ಅದ್ದಿ
ಆ ಜಾಗದ ಮೇಲೆ ಹಾಕುತ್ತಾಳೆ,
ಬೆವರದಿದ್ದರೆ ನಾವೇ ಬೆವರಿಸೋಣ ಪಿಳ್ಳಕ್ಕ ಅನ್ನುತ್ತಾಳೆ.
ಉರೀತಿದೆಯಾ ಅಂತಲೂ ಕೇಳುತ್ತಾಳೆ.

ಹೂಂ ಅನ್ನುತ್ತೇನೆ.
ಈಗ ಯಾರು ಕೇಳಿದರೂ ಹೂಂ ಅನ್ನುತ್ತೇನೆ,
ಒಮ್ಮೊಮ್ಮೆ
ಉರಿಯದಿದ್ದರೂ.