ಸೊನ್ನೆಯೆಂದರೆ ಎಷ್ಟು ಹೊತ್ತು

ರೂವಿಯಲ್ಲಿ, ಹುಲ್ಲೊಂದು ಹುಟ್ಟದ ಗುಡ್ಡದ ಬುಡಕ್ಕೆ
ಒಂದು ಕೆಫೆಟೇರಿಯಾ. ಕಾರಿನಿಂದ ಇಳಿಯಬೇಕಿಲ್ಲ,
ಒಂದೇ ಒಂದು ಹಾರ್ನ್;
ಮೋನಬ್ಬ ಬಂದು ಕಿಟಕಿಗೆ ಬಾಗುತ್ತಾನೆ.
ಬರೆದುಕೊಳ್ಳುವ ಪೈಕಿ ಅಲ್ಲ.
ಒಂದು ಕರಕ್, ಸಕ್ಕರೆ ಕಮ್ಮಿ, ಅನ್ನುವಷ್ಟರಲ್ಲಿ
ಹಿಂದಿನ ಪಿಕಪ್ಪಿಗೆ, ಅದರ ಹಿಂದಿನ ಟ್ಯಾಕ್ಸಿಗೆ
ಬಾಗಿ ಆಗಿರುತ್ತದೆ.
ಒಲೆಯೆದುರು ನಿಂತು ಹಾಲುಕ್ಕುವುದನ್ನು ಕಾಯುವ ಆಸಾಮಿಯಲ್ಲ.
ನಾನೂ ಅಷ್ಟೆ. ಚಹಾ ಬರುವುದರೊಳಗೆ
ಇನ್ಶೂರೆನ್ಸಿನವನಿಗೆ ಬೈದು, ತುಟಿಗೆ ಬಣ್ಣ ತೀಡಿ,
ಕನ್ನಡಿಯಲ್ಲಿ ಗುಡ್ಡ ನೋಡಿ ಮುಗಿದಿರುತ್ತದೆ.

ಎರಡು ಬಾಗಿಲಿಡೋಣ ಅಂತ ನುಸೈಬಾಗೆ ಹೇಳಿದ್ದು
ಅಂಥದೊಂದು ಬೆಳಿಗ್ಗೆಯೇ.
ಎಕ್ಸ್‌ಚೇಂಜ್ ಕಂಪನಿಯ ನಾಲ್ಕನೇ ಮಹಡಿ;
ಜಾವಾದಲ್ಲಿ ನಮ್ಮದೇ ಒಂದು ಎಚ್‌ಟಿಟಿಪಿ ಲೈಬ್ರರಿ.
ಹಣ ಕಳಿಸುವ ಪ್ರತಿ ಕೌಂಟರೂ ಇನ್ನು ಮುಂದೆ
ಅದರ ಬಾಯಿಂದಲೇ ಮಾತಾಡಬೇಕು.

ಒಂದು ಮೆಥಡ್: ಕಳಿಸು.
ಕರೆದ ಥ್ರೆಡ್ಡು ಅಲ್ಲೇ ನಿಲ್ಲುತ್ತದೆ,
ಉತ್ತರ ಬರುವ ತನಕ ಮಿಸುಕುವುದಿಲ್ಲ.
ಇನ್ನೊಂದು: ಕಳಿಸಿಬಿಡು.
(ಇಂಗ್ಲಿಷಿನಲ್ಲಿ ಅದಕ್ಕೆ ಅರ್ಧ ಸಾಲಿನ ಹೆಸರು,
ನಮ್ಮಲ್ಲಿ ಒಂದು ಬಿಡು ಸಾಕು.)
ಅದು ಉತ್ತರ ಕೊಡುವುದಿಲ್ಲ,
ಉತ್ತರ ಬಂದರೆ ಕೂರಲು
ಒಂದು ಖಾಲಿ ಮಣೆ ಕೊಡುತ್ತದೆ.

ಅಬಾಯಾದ ತೋಳು ಮಡಚಿ ಬೋರ್ಡಿಗೆ ನಿಂತಳು ನುಸೈಬಾ:
ಒಳಗೆ ಎರಡು ಒಲೆ ಯಾಕೆ, ಮಿಸ್ ಫ್ಲೇವಿಯಾ?
ಬಿಡುವುದನ್ನೊಂದು ಸರಿಯಾಗಿ ಬರೆಯೋಣ.
ಕಾಯುವವರು
ಅದೇ ಮಣೆಯ ಮುಂದೆ ಕೂತು ಕಾಯಲಿ.
ಇಪ್ಪತ್ತಮೂರು ವರ್ಷ ಅವಳಿಗೆ.
ನನ್ನ ಮೂರು ದಿನದ ಕೋಡು ಒರೆಸಿ ಹಾಕಿದೆವು.

ಕಾಯುವುದಾದರೆ ಎಷ್ಟು ಹೊತ್ತು?
ಹಳೆಯ ಕೋಡಿನಲ್ಲಿ ಯಾರೋ ಸೊನ್ನೆ ಇಟ್ಟಿದ್ದರು.
ಸೊನ್ನೆಯೆಂದರೆ ಕಾಯಬೇಡ ಅಂತಲ್ಲ,
ಸೊನ್ನೆಯೆಂದರೆ ಕೊನೆಯಿಲ್ಲ.

ಮೋನಬ್ಬ ಮೊದಲು ಸೋಹಾರಿನಲ್ಲಿ ವೆಲ್ಡರ್.
ಕಂಪನಿ ಮುಚ್ಚಿತು, ಹನ್ನೊಂದು ತಿಂಗಳ ಸಂಬಳ ಒಳಗೇ ಉಳಿಯಿತು.
ಕೊಡುವುದಿಲ್ಲ ಅಂದಿಲ್ಲ ಅವರು,
ಕೊಡುತ್ತೇವೆ ಅಂತಲೂ ಇಲ್ಲ.
"ಇಲ್ಲ ಅಂತ ಒಂದು ಹೇಳಿದ್ರೆ ಆಗ್ತಿತ್ತು ಮಾರಾಯ್ರೆ,
ಉಂಡು ಮಲಗ್ತಿದ್ದೆ."
ಹೇಳಿದವನೇ ಮುಂದಿನ ಕಾರಿಗೆ ಓಡಿದ.
ಅವನ ಒಂದು ಪಾಲು ಮಾತ್ರ ಸೋಹಾರಿನಲ್ಲಿ
ಈಗಲೂ ಒಲೆಯೆದುರು ನಿಂತಿದೆ.

ಹತ್ತು ಸೆಕೆಂಡು ಅಂದಳು ಅವಳು, ಅರವತ್ತು ಅಂದೆ ನಾನು.
ಗುರುವಾರ ಸಂಜೆ ಮನಿಲಾದ ಬ್ಯಾಂಕು ಹೇಗೆ ತೆವಳುತ್ತದೆ
ಅವಳಿಗೇನು ಗೊತ್ತು.
ಮೂವತ್ತಕ್ಕೆ ರಾಜಿ.
ಸೋಲಿಗೂ ಹೆಸರಿಟ್ಟೆವು, ಒಂದೇ ಹೆಸರಲ್ಲ:
ಬಾಗಿಲೇ ತೆರೆಯಲಿಲ್ಲ, ಇದು ಬೇರೆ,
ಮತ್ತೆ ತಟ್ಟಬಹುದು.
ಒಳಗೆ ಹೋಯಿತು, ಮರಳಲಿಲ್ಲ, ಇದು ಬೇರೆ,
ದಮ್ಮಯ್ಯ, ಮತ್ತೆ ಕಳಿಸಬೇಡ.
ಯಾರದೋ ತಾಯಿಗೆ ನಲವತ್ತು ರಿಯಾಲು
ಎರಡು ಸಲ ಹೋದೀತು, ಅಥವಾ
ಒಂದು ಸಲ ಹೋಗಿ
ಎರಡು ಸಲ ಕಳೆದೀತು.
ಸೊನ್ನೆ ಕೊಟ್ಟವರಿಗೆ ಅಲ್ಲಿಯೇ ಎರರ್.

ಬಿಡುಗಡೆಯಾದ ಮರುದಿನ ಸಲಾಲಾ ಶಾಖೆಯಿಂದ ಫೋನು:
ಮೊದಲು ಸರಿ ಇತ್ತು, ನೀವೇ ಕೆಡಿಸಿದಿರಿ!
ಸರಿ ಇರಲಿಲ್ಲ ಸ್ವಾಮಿ,
ಬರೇ ಸದ್ದು ಮಾಡುತ್ತಿರಲಿಲ್ಲ.

ಅವತ್ತು ಹಾರ್ನ್ ಹೊಡೆದೆ.
ಬಂದದ್ದು ಹೊಸ ಹುಡುಗ, ಎದೆಯ ಜೇಬಲ್ಲಿ ಪೆನ್ನು.
ಮೋನಬ್ಬ ಎಲ್ಲಿ?
ಸೋಹಾರಿನಲ್ಲಿ ತಾರೀಕಂತೆ.
ಒಂದು ಕರಕ್, ಸಕ್ಕರೆ ಕಮ್ಮಿ ಅಂದೆ,
ಬರೆದುಕೊಂಡ. ನಿಧಾನಕ್ಕೆ ಬಂತು,
ಸಕ್ಕರೆ ಜಾಸ್ತಿ.
ಕುಡಿದೆ. ಲೋಟ ಖಾಲಿಯಾದ ಮೇಲೂ
ಗಾಡಿ ತೆಗೆಯಲಿಲ್ಲ;
ಹಿಂದಿನವನು ಹಾರ್ನ್ ಹೊಡೆಯುತ್ತಲೇ ಇದ್ದ,
ನನಗೋ, ಚಹಾಕ್ಕೋ.