ಒಲಿ ಎಷ್ಟು?

ಫಾರಮು ಮರಾಠಿಯೊಳಗಿತ್ತು. ನಾನು
ಕನ್ನಡ ಶಾಲಿ ಮಾಸ್ತರ, ಗಣತಿಗೆ ಹಚ್ಚಿದ್ದರು.
ನಾಗಣಸೂರಿನ ಕೆಳಗಿನ ಓಣಿ, ಹೊತ್ತು ಹನ್ನೊಂದು,
ಒಂದೇ ತಲಬಾಗಿಲು, ಒಳಗ ಎರಡು ಹೊಗಿ.

'ಒಲಿ ಎಷ್ಟರಿ?' ಅಂದೆ.
ಒಂದು ಅಡಗಿ ಅಂದರ ಒಂದು ಕುಟುಂಬ,
ತರಬೇತಿಯೊಳಗ ಹಾಂಗ ಹೇಳಿಕೊಟ್ಟಾರ.

ಸುಗಲಾಬಾಯಿ ತಲಿ ಎತ್ತಲಿಲ್ಲ.
ಕೊಣಮಿಗಿಯ ಹಿಟ್ಟಿಗೆ ಎಸರು ಸುರುವುತ್ತಿದ್ದಳು:
ಹಳೇ ಜ್ವಾಳ, ಜಿಗಿ ಸತ್ತಾವ,
ಕುದಿಯೋ ನೀರು ಕುಡಿಸದಿದ್ದರ
ಬಡಿಯೂವಾಗ ಅಂಚು ಸೀಳತಾವ.
ದುಧನಿ ಅಡತಿಯೊಳಗ ಇದು 'ಜ್ವಾರಿ',
ಚೀಲದ ಮ್ಯಾಲೆ ನಾಗರಿ ಅಕ್ಷರ;
ಮೊರದಾಗ ಹಸನಾಗುವಾಗ ಜ್ವಾಳ,
ಗಿರಣಿ ದಾಟಿದರ ಹಿಟ್ಟು,
ಹಂಚಿನ ಮ್ಯಾಲೆ ಉಬ್ಬಿದಾಗ ರೊಟ್ಟಿ.
ಇಷ್ಟೆಲ್ಲಾ ಆದರೂ ಇನ್ನೂ ಊಟ ಅಲ್ಲ.

ರೇವಣ ಓಡಿ ಬಂದು ಒಂದು ರೊಟ್ಟಿ ಮುರಕೊಂಡು
ನಿಂತಲ್ಲೇ ಬಾಯಿಗೆ ಹಾಕಿದ.
'ಏ, ಉಂಡೇನೋ?' ಓಣಿಯಿಂದ ಯಾರೋ ಕೂಗಿದರು.
'ಇಲ್ಲ, ತಿಂದೀನಿ.'
ಬರಕೊಂಡೆ ಅದನ್ನ, ಫಾರಮಿನ ಅಂಚಿಗೆ, ಕನ್ನಡದಾಗ.

ಇಲ್ಲಿ ತಪ್ ತಪ್ ನಿಂತರ ಗ್ವಾಡಿಯಾಚೆ ತಪ್ ತಪ್.

'ಎರಡು,' ಅಂದಳು ಕಡೀಕ. 'ಬರಕೋರಿ, ಎರಡು.
ನಮ್ಮದೊಂದು. ಆಚಿಕಡಿದು ಮೈದನಂದು.
ಬಾವಿ ಪಾಳಿ ಮ್ಯಾಲೆ ಜಗಳಾಗಿ ಹನ್ನೊಂದು ವರ್ಷ,
ಮಾತಿಲ್ಲ.'

ಬರದೆ. ಶಾಯಿ ಆರೂದರೊಳಗ
ಎದಿಮಟ್ಟದ ಗ್ವಾಡಿ ಮ್ಯಾಲೆ ಒಂದು ಬಳಿ ಕೈ
ಸ್ಟೀಲಿನ ಬೋಗುಣಿ ಇಟ್ಟು ಹೋತು.
ಪುಂಡಿಪಲ್ಯ. ಬಳ್ಳೊಳ್ಳಿ ಒಗ್ಗರಣಿ
ಇನ್ನೂ ಚುಂಯ್ ಅಂತಿತ್ತು.
ಸುಗಲಾಬಾಯಿ ಬಗ್ಗಿಸಿಕೊಂಡು, ತೊಳದು,
ಬರೇದು ಕಳಿಸಬಾರದಂತ ಶೇಂಗಾ ಹಿಂಡಿ ತುಂಬಿ,
ಕಡೀ ಹಿಟ್ಟಿನ ಪುಟ್ಟ ಚಾನಕಿ ಮುಚ್ಚಿ
ಅಲ್ಲೇ ಇಟ್ಟಳು. ಕೈ ಬಂತು, ತಗೊಂಡು ಹೋತು.
ಆಮ್ಯಾಲೆ ಮಗನ್ನ ಕರದು ತಾಟು ಹಾಕಿದಳು:
'ಕೂಡು. ಈಗ ಉಣ್ಣು.'

ಪಂಪಿಗೆ, ಗ್ಯಾಸಿಗೆ, ಕಕ್ಕಸಕ್ಕ, ಮೊಬೈಲಿಗೆ
ಫಾರಮಿನಾಗ ಖಾನೆ ಇದ್ದವು.
ಎರಡು ಸಲ ಹಾಳಿ ತಿರುವಿದೆ.
ನನ್ನ ಚೀಲದಾಗ ಅಕ್ಕಲಕೋಟಿ ಖಾನಾವಳಿ ಡಬ್ಬಿ
ತಣ್ಣಗ ಕೂತಿತ್ತು.

'ಬೋಗುಣಿ ಯಾರದರಿ?'

'ಯಾರಿಗೊತ್ತು. ಅತ್ತಿ ಭೌರವ್ವನ ಹೆಸರು ಕೊರಸಿದ್ದರು,
ಸವದು ಹೋಗೇದ.
ಪಾಲಾದ ದಿನ ಚಮಚಾ ಸೈತ ಎಣಿಸಿ ಹಂಚಕೊಂಡಿವಿ.
ಅದೊಂದು ಎಣಕಿಗೆ ಬರಲಿಲ್ಲ.
ಅದರಾಗ ಝುಣಕ ಇತ್ತು.'